ಎತ್ತಿನ ಕಾಲಿಗೆ ಹತ್ತಿದ ಸಂಸ್ಕೃತ

ಡಾಕ್ಟರು ದಿನಾಲೂ ನಡೆಯಿರಿ ಎಂದರು. ಎಲ್ಲಿಗೆ ಎಂದು ಹೇಳಲಿಲ್ಲ. ರಸ್ತೆಗಿಳಿದರೆ ಮೋಟಾರ್ ಸೈಕಲ್ಲುಗಳ ಭಯ, ಪಾರ್ಕಿಗೆ ಹೋದರೆ ನನಗಿಂತ ಗಟ್ಟಿಯಾಗಿರುವ ಮುದುಕಿಯರ ಭಯ. ಹೀಗಾಗಿ ನಾನು ಮನೆಯ ಮಾಳಿಗೆ ಏರಿ, ನಡುವೆ ಇರುವ ನೀರಿನ ಟಾಕಿಯನ್ನು ಎಡಕ್ಕೆ ಹಾಕಿಕೊಂಡು ಸುತ್ತುತ್ತೇನೆ. ಬಲಕ್ಕೆ ಹಾಕಿಕೊಂಡೂ ಸುತ್ತಿ ನೋಡಿದ್ದೇನೆ, ಕಾಲಿಗೆ ಕಾಲು ತೊಡರುತ್ತದೆ. ಸುತ್ತುವಾಗ ನನಗೇ ಗೊತ್ತಿಲ್ಲದಂತೆ ಬಾಯಿ ಏನೋ ಒಂದನ್ನು ಅನ್ನುತ್ತಿರುತ್ತದೆ. ಅದು ಏನೆಂದು ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಕೊಟ್ಟವರು ಪಕ್ಕದ ಮನೆಯ ಕಮಲಾಬಾಯಿ.

“ಅಕ್ಕಾರ, ಅದು ಯಾವ ದೇವರ ಸ್ತೋತ್ರರಿ? ‘ವಾರಿ ವಾರಿಣೀ ವಾರೀಣಿ’ ಅಂತೀರಲ್ಲ? ಮೊಣಕಾಲಿಗೆ ಛಲೋ ಏನು?”

ಅದು ಸ್ತೋತ್ರವಲ್ಲ, ಸಂಸ್ಕೃತದ ಶಬ್ದರೂಪ, ಸಾಲೆಯಲ್ಲಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದರು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಕಣ್ಣು ಮುಚ್ಚಿ ಕೈ ಮುಗಿದುಬಿಟ್ಟಿದ್ದರು. ಈಗ ಅವರೂ ತಮ್ಮ ಮಾಳಿಗೆಯ ಮೇಲೆ ಅದನ್ನೇ ಅನ್ನುತ್ತಾ ಸುತ್ತುತ್ತಾರೆ. ನೋವು ಅರ್ಧಕ್ಕರ್ಧ ಇಳಿದಿದೆಯಂತೆ. ಇಂಥ ಹೊತ್ತಿನಲ್ಲಿ ನಿಜ ಹೇಳಿ ಒಬ್ಬರ ಮೊಣಕಾಲು ಕೆಡಿಸುವುದು ನನಗೆ ಸರಿಯೆನಿಸಲಿಲ್ಲ.

ನಿಮಗೆ ಹೇಳಲು ಅಡ್ಡಿಯಿಲ್ಲ. ಆ ವಾರಿ ವಾರಿಣೀ ಮೊದಲು ಹತ್ತಿದ್ದು ಒಂದು ಎತ್ತಿನ ಕಾಲಿಗೆ. ನನ್ನ ಕಾಲಿಗೆ ಹತ್ತಿದ್ದು ಆಮೇಲೆ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಊರು ಸಿಂದಗಿಯಿಂದ ಆಲಮೇಲದ ಕಡೆ ಹೋಗುವ ದಾರಿಯಲ್ಲಿ, ಡ್ರೈವರನ ಮನಸ್ಸಿಗೆ ಬಂದರೆ ಮಾತ್ರ ಬಸ್ಸು ನಿಲ್ಲುವ ಊರು. ಅವನ ಮನಸ್ಸಿಗೆ ಬಾರದ ದಿನ ನಾನು ನಡೆದೇ ಸಿಂದಗಿಯ ಹೈಸ್ಕೂಲಿಗೆ ಹೋಗುತ್ತಿದ್ದೆ. ಒಂಬತ್ತನೇ ಇಯತ್ತೆಯಲ್ಲಿದ್ದೆ. ಸಂಸ್ಕೃತವನ್ನೇ ಯಾಕೆ ತೆಗೆದುಕೊಂಡೆ ಎಂದು ಯಾರಾದರೂ ಕೇಳಿದರೆ ಈಗ ನಾನು ದೊಡ್ಡ ದೊಡ್ಡ ಕಾರಣ ಕೊಡುತ್ತೇನೆ. ಆಗಿನ ಕಾರಣ ಒಂದೇ: ಹಿಂದಿಯ ಕೋಣೆಯಲ್ಲಿ ಬೆಂಚು ಉಳಿದಿರಲಿಲ್ಲ. ಸಂಸ್ಕೃತದ ಕೋಣೆಯಲ್ಲಿ ಬೆಂಚುಗಳು ಬೇಕಾದಷ್ಟಿದ್ದವು, ಬೇಕೆಂದರೆ ಅಡ್ಡಾಗಿ ಒಂದು ನಿದ್ದೆ ತೆಗೆಯಬಹುದಿತ್ತು. ಆದರೆ ಸಂಸ್ಕೃತದ ಸರ್ ನಿದ್ದೆ ಮಾಡಲು ಬಿಡುತ್ತಿರಲಿಲ್ಲ.

ಈ ಸರ್ ಬಸವನ ಬಾಗೇವಾಡಿಯವರು. ಸೋಮವಾರ ಬಂದು ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುವವರು. ತೆಳ್ಳಗಿನ ಮನುಷ್ಯ, ದಪ್ಪ ದನಿ. ಅವರ ಪ್ರಕಾರ ಮನಸ್ಸಿನಲ್ಲಿ ಓದಿದ್ದು ಮನಸ್ಸಿನಲ್ಲೇ ಕೂತುಬಿಡುತ್ತದೆ, ಪರೀಕ್ಷೆಯ ದಿನ ಹೊರಗೆ ಬಾ ಎಂದರೆ ಬರುವುದಿಲ್ಲ. ಹೀಗಾಗಿ ಎಲ್ಲವನ್ನೂ ಕೂಗಿಯೇ ಓದಬೇಕು. ನಮ್ಮ ಕೋಣೆಯ ಕೂಗಿಗೆ ಪಕ್ಕದ ಗಣಿತದವರು ಕಿಟಕಿ ಮುಚ್ಚುತ್ತಿದ್ದರು. ಹೊರಗಿನ ಬಯಲಲ್ಲಿ ಮೇಯುವ ಆಡುಗಳು ಮಾತ್ರ ತಲೆ ಎತ್ತಿ ಕೇಳುತ್ತಿದ್ದವು. ಅದರಲ್ಲಿ ಮುಂದಿನ ಸಂಗತಿಯ ಸುಳಿವು ಇತ್ತೇನೋ, ನಮಗೆ ಹೊಳೆಯಲಿಲ್ಲ.

‘ಅಭಿಜಾತ ಶಿಕ್ಷಣದ ಅರ್ಥ ಮತ್ತು ಉದ್ದೇಶಗಳು’ ಎಂಬ ಪ್ರಬಂಧವೊಂದನ್ನು ಸರ್ ಬರೆಸಿದ್ದರು. ಅದನ್ನೂ ಕೂಗಿಯೇ ಬಾಯಿಪಾಠ ಮಾಡಬೇಕಿತ್ತು. ಬುದ್ಧಿಗೆ ಸಾಣೆ, ನಾಲಿಗೆಗೆ ಶುದ್ಧಿ, ನಡತೆಗೆ ಶಿಸ್ತು, ಹಾಗೂ ಇನ್ನೊಂದು. ಆ ಇನ್ನೊಂದು ಉದ್ದೇಶ ಸರ್‌ಗೆ ಪ್ರತಿ ವರ್ಷ ಮರೆತು ಹೋಗುತ್ತಿತ್ತಂತೆ. “ಇತ್ಯಾದಿ ಎಂದು ಬರೆದುಕೊಳ್ಳಿ” ಎನ್ನುತ್ತಿದ್ದರು. ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಆ ‘ಇತ್ಯಾದಿ’ಯೇ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಮನೆಯಲ್ಲಿ ಅಪ್ಪ ಬೇರೆಯೇ ಒಂದು ಉದ್ದೇಶ ಇಟ್ಟುಕೊಂಡಿದ್ದ. ಒಂಬತ್ತನೇ ಇಯತ್ತೆ ಮುಗಿದ ಮೇಲೆ ನನ್ನ ಸಾಲೆ ಬಿಡಿಸುವುದು, ಬಂದ ಸಂಬಂಧ ನೋಡಿ ಮದುವೆ ಮಾಡುವುದು. ಅಪ್ಪ ಕೆಟ್ಟವನಲ್ಲ. ನಮ್ಮ ಓಣಿಯ ಹುಡುಗಿಯರೆಲ್ಲ ಏಳಕ್ಕೇ ನಿಂತಿದ್ದರು, ನನಗೆ ಎರಡು ವರ್ಷ ಹೆಚ್ಚು ಕೊಟ್ಟಿದ್ದೇನೆ ಎಂದೇ ಅವನ ಲೆಕ್ಕ. ನನಗೆ ಸಾಲೆ ಬಿಡುವುದು ಬೇಡವಾಗಿತ್ತು. ಸಂಸ್ಕೃತದ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಖಾಲಿ ಬೆಂಚು, ದಾರಿಯ ಗಾಳಿ, ಊರು ದಾಟಿದ ಮೇಲೆ ಯಾರ ಮಗಳೂ ಆಗಿರದೆ ನಡೆಯುವ ಆ ಒಂದಿಷ್ಟು ಹೊತ್ತು, ಇವೆಲ್ಲ ಬೇಕಾಗಿದ್ದವು. ಇದನ್ನು ಅಪ್ಪನಿಗೆ ಹೇಗೆ ಹೇಳುವುದು? ಹೇಳಲಿಲ್ಲ, ಅಳುತ್ತಿದ್ದೆ. ಅವ್ವ ಅದಕ್ಕೆ ಗಂಡನ ಮನೆಯ ನಾಚಿಕೆ ಎಂದು ಹೆಸರಿಟ್ಟಳು.

ಜೋಳದ ರಾಶಿಯ ಕಾಲ ಬಂತು. ಕಣ ಸಾರಿಸಿ, ನಡುವೆ ಮೇಟಿಗಂಬ ನೆಟ್ಟು, ತೆನೆ ಹರವಿ, ಅದರ ಮೇಲೆ, ತೆನೆ ತಿನ್ನದಂತೆ ಬಾಯಿಗೆ ಬಲಿ ಎಂಬ ಹಗ್ಗದ ಬಲೆ ಬಿಗಿದ ಎತ್ತುಗಳನ್ನು ಸಾಲಾಗಿ ಕಟ್ಟಿ ಮೇಟಿಯ ಸುತ್ತ ತುಳಿಸುವುದಕ್ಕೆ ನಮ್ಮ ಕಡೆ ಹಂತಿ ಎನ್ನುತ್ತಾರೆ. ಹಂತಿಯ ಹಿಂದೆ ಒಬ್ಬ ಹಾಡುತ್ತಾ ನಡೆಯಬೇಕು. ಹಾಡು ನಿಂತರೆ ಎತ್ತುಗಳು ನಿಲ್ಲುತ್ತವೆ. ಬಾರುಕೋಲು ಬೀಸಿದರೆ ನಾಲ್ಕು ಹೆಜ್ಜೆ ಇಟ್ಟು ಮತ್ತೆ ನಿಲ್ಲುತ್ತವೆ. ನಮ್ಮ ಮನೆಯ ಹಂತಿಗೆ ಹಾಡುವವನು ಅಪ್ಪನ ತಮ್ಮ ಸಂಗಪ್ಪ ಕಾಕಾ. ಅವನ ದನಿ ಎಂದರೆ ಸುತ್ತಲಿನ ಕಣದವರು ತಮ್ಮ ಹಾಡು ಬಿಟ್ಟು ಕೇಳುತ್ತಿದ್ದರು. ಅವರ ಎತ್ತುಗಳೂ ಇವನ ಹಾಡಿಗೇ ನಡೆಯುತ್ತಿದ್ದವು, ಪುಕ್ಕಟೆ.

ಆ ವರ್ಷ ಕಾಕಾನ ಗಂಟಲು ಕೂತಿತು. ಕಷಾಯ, ಅರಿಶಿನ, ಕಟ್ಟಿದ ದಾರ ಯಾವುದಕ್ಕೂ ಜಗ್ಗಲಿಲ್ಲ. ಮುದ್ದೇಬಿಹಾಳದಲ್ಲಿ ಗಂಟಲಿಗೆ ಹೆಸರಾದ ವೈದ್ಯನೊಬ್ಬನಿದ್ದ. ಅಲ್ಲಿಗೆ ಹೋಗಿ ಬಂದ ಕಾಕಾ ಬಾಯಿಯ ಮೇಲೆ ಬೆರಳಿಟ್ಟುಕೊಂಡೇ ಮನೆಯೊಳಗೆ ಕಾಲಿಟ್ಟ. ಯುಗಾದಿಯವರೆಗೆ ಒಂದು ಅಕ್ಷರ ಆಡಕೂಡದಂತೆ. ಅದನ್ನು ಅವನು ಕೈಸನ್ನೆಯಲ್ಲಿ ಹೇಳಿದ್ದರಿಂದ ಅವ್ವ ಅವನಿಗೆ ಯುಗಾದಿಯವರೆಗೆ ಊಟ ಬೇಡವಂತೆ ಎಂದು ತಿಳಿದು ತಾಟು ಎತ್ತಿಟ್ಟಳು. ಕಾಕಾ ಹಸಿವನ್ನು ಸನ್ನೆಯಲ್ಲಿ ತೋರಿಸಿದ ರೀತಿ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಹಾಡಿಲ್ಲದ ಹಂತಿ ನಿಂತುಬಿಟ್ಟಿತು. ಅಪ್ಪ ತಾನೇ ಹಾಡಿ ನೋಡಿದ. ಎತ್ತುಗಳು ತಿರುಗಿ ಅವನ ಮುಖವನ್ನೇ ನೋಡಿದವು. ಮೇಟಿಯ ಬದಿಯ ಹಿರಿಯ ಎತ್ತು ಬೆಳ್ಯಾ, ಸಾಲಿಗೆಲ್ಲ ಅವನೇ ಯಜಮಾನ, ಅವನಂತೂ ಮಲಗುವ ತಯಾರಿ ನಡೆಸಿದ. ಮೋಡ ಕಟ್ಟುತ್ತಿತ್ತು, ತೆನೆ ಕಣದಲ್ಲಿ ಬಿದ್ದಿತ್ತು, ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

ಹೆಣ್ಣುಮಕ್ಕಳು ಕಣದೊಳಗೆ ಕಾಲಿಡಬಾರದು ಎಂಬುದು ನಮ್ಮ ಮನೆಯ ರೂಢಿ. ನಾನು ಬುತ್ತಿ ತಂದು ಕಣದ ಆಚೆಯ ಬೇವಿನ ಗಿಡದ ಕೆಳಗೆ ಇಟ್ಟು, ಅಲ್ಲೇ ಕೂತು ಪರೀಕ್ಷೆಗೆ ಓದುತ್ತಿದ್ದೆ. ಓದು ಎಂದರೆ ಕೂಗು. “ವಾರಿ ವಾರಿಣೀ ವಾರೀಣಿ, ವಾರಿಣಾ ವಾರಿಭ್ಯಾಂ ವಾರಿಭಿಃ” ಎಂದು ಕಣ್ಣು ಮುಚ್ಚಿ ಒಂದು ಸುತ್ತು ಮುಗಿಸಿ ಕಣ್ಣು ತೆಗೆದರೆ ಕಣದಲ್ಲಿ ಬೆಳ್ಯಾ ನಡೆಯುತ್ತಿದ್ದಾನೆ! ಉಳಿದವು ಅವನ ಹಿಂದೆ. ನಾನು ಬಾಯಿ ತೆರೆದು ನೋಡುತ್ತಾ ಸುಮ್ಮನಾದೆ. ಎತ್ತುಗಳೂ ನಿಂತವು.

“ಅನ್ನು! ಅನ್ನವಾ! ನಿಲ್ಲಸಬ್ಯಾಡ!” ಎಂದು ಅಪ್ಪ ಕಣದಿಂದಲೇ ಕೂಗಿದ. ಓದು ಎಂದು ಅಪ್ಪ ನನಗೆ ಹೇಳಿದ್ದು ಅದೇ ಮೊದಲು.

ಅಜ್ಜಿ ಅಡ್ಡಿ ತೆಗೆದಳು. ಹೆಣ್ಣಿನ ದನಿಗೆ ಹಂತಿ ತುಳಿದರೆ ರಾಶಿಗೆ ಮೈಲಿಗೆ ಅಲ್ಲವೇ? ಅಪ್ಪ ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟ: “ಕಾಲು ಹೊರಗ ಅದಾವ. ದನಿ ಒಳಗ ಬಂದ್ರ ಅದಕ್ಕೇನು ಮಡಿ? ಗಾಳಿ ಬರೂದಿಲ್ಲೇನು?” ಹೀಗೆ ಸಾಲೆಯಿಲ್ಲದ ಹೊತ್ತಿನಲ್ಲೆಲ್ಲ ನಾನು ಬೇವಿನ ನೆರಳಲ್ಲಿ, ನನ್ನ ದನಿ ಕಣದಲ್ಲಿ, ಮೌನವ್ರತದ ಕಾಕಾ ಬಾರುಕೋಲು ಹಿಡಿದು ಹಂತಿಯ ಹಿಂದೆ. ಅವನ ಮುಖದಲ್ಲಿ ಇದ್ದ ಅವಮಾನ ಹೇಳತೀರದು. ಬಾಯಿ ಬಿಡುವ ಹಾಗೂ ಇರಲಿಲ್ಲ.

ಅಪ್ಪ ಈಗ ನನ್ನ ಓದಿನಲ್ಲಿ ಆಸಕ್ತಿ ವಹಿಸತೊಡಗಿದ. ಒಂದು ದಿನ ಜೋಳ ಹೇರಿದ ಬಂಡಿಯ ಜೊತೆ ಸಿಂದಗಿಗೆ ಬಂದವನು ನೇರ ಸಾಲೆಗೇ ಬಂದ. ಮೈಯೆಲ್ಲ ಹೊಟ್ಟಿನ ಧೂಳು. ಸಂಸ್ಕೃತದ ಸರ್ ಎದ್ದು ನಿಂತರು. ಮಗಳನ್ನು ಬಿಡಿಸಲು ಬಂದಿದ್ದಾನೆ ಎಂದೇ ಅವರೂ ತಿಳಿದಿರಬೇಕು, ನಾನೂ ಹಾಗೇ ತಿಳಿದು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಸರ, ಈ ಸಂಸ್ಕೃತ ಯಾತಕ್ಕ ಬರ್ತದರಿ?” ಎಂದ ಅಪ್ಪ.

ಸರ್ ಕಣ್ಣು ಮುಚ್ಚಿದರು. “ಬುದ್ಧಿಗೆ ಸಾಣೆ, ನಾಲಿಗೆಗೆ ಶುದ್ಧಿ, ನಡತೆಗೆ ಶಿಸ್ತು…”

“ನಡತಿ ಖರೇರಿ. ಭಾಳ ಛಲೋ ನಡ್ಯಾಕತ್ತಾವ.”

“ಯಾರು?”

“ಎತ್ತರಿ.”

ಸರ್ ಕಣ್ಣು ತೆರೆದರು. ಅಪ್ಪ ವಿವರಿಸಿದ. ಒಂದೇ ಪಾಠ ದಿನಾ ಕೇಳಿ ಎತ್ತುಗಳಿಗೆ ಬೇಸರ ಬಂದೀತು, ಗೋದಿಯ ಹಂತಿಗೆ ಹೊಸದು ಬೇಕಾಗುತ್ತದೆ, ಮುಂದಿನದನ್ನು ಸ್ವಲ್ಪ ಲಗೂನೆ ಮುಗಿಸಿಕೊಡಬೇಕು ಎಂದು ಕೈ ಮುಗಿದ. ಇಷ್ಟು ವರ್ಷದ ಸೇವೆಯಲ್ಲಿ ಸಿಲೆಬಸ್ ಬೇಗ ಮುಗಿಸಿ ಎಂದು ಕೇಳಿಕೊಂಡ ಮೊದಲ ಪಾಲಕ ನಮ್ಮಪ್ಪ. ಸರ್ ಸಿಟ್ಟಾಗಬೇಕೋ ಸಂತೋಷಪಡಬೇಕೋ ತಿಳಿಯದೆ ಒಂದು ಲೋಟ ನೀರು ಕುಡಿದರು.

ಶನಿವಾರ ಬಾಗೇವಾಡಿಯ ಬಸ್ಸು ತಪ್ಪಿಸಿಕೊಂಡು ಅವರು ನಮ್ಮ ಕಣಕ್ಕೇ ಬಂದರು. ಪರೀಕ್ಷಿಸದೆ ಒಪ್ಪುವುದು ಶಾಸ್ತ್ರದ ಕ್ರಮವಲ್ಲವಂತೆ. ಚಪ್ಪಲಿ ಕಣದ ಹೊರಗೆ ಬಿಟ್ಟು, ಧೋತರ ಎತ್ತಿ ಕಟ್ಟಿ, ನನ್ನನ್ನು ಸುಮ್ಮನಿರಿಸಿ, ತಾವೇ ಹಂತಿಯ ಹಿಂದೆ ನಿಂತು ಶುರುಮಾಡಿದರು. ಎಂಥ ದನಿ, ಎಂಥ ಗಾಂಭೀರ್ಯ! ಒಂದೊಂದು ಶಬ್ದವನ್ನೂ ಎಳೆದು, ನಿಲ್ಲಿಸಿ, ಬಿಡಿಸಿ ಹೇಳಿದರು. ಬೆಳ್ಯಾ ಒಂದು ಶಬ್ದಕ್ಕೆ ಕಾಲು ಎತ್ತಿದವನು ಮುಂದಿನ ಶಬ್ದ ಬರುವವರೆಗೆ ಕಾದು, ಬಾರದೆ ಇದ್ದಾಗ ಕಾಲನ್ನು ಎತ್ತಿದಲ್ಲೇ ಇಳಿಸಿದ. ಆಮೇಲೆ ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿದ. ಕಾಕಾ ಮುಖ ಆಚೆ ತಿರುಗಿಸಿ ಭುಜ ಕುಣಿಸುತ್ತಿದ್ದ. ಸರ್ ಚಪ್ಪಲಿ ಮೆಟ್ಟಿಕೊಳ್ಳುತ್ತಾ ನನಗೆ ಹೇಳಿದರು: “ನೀನು ಅವಸರದಲ್ಲಿ ಅನ್ನುತ್ತೀಯ. ಎತ್ತನ್ನು ಕೆಡಿಸಿಬಿಟ್ಟಿದ್ದೀಯ.”

ಇಷ್ಟೆಲ್ಲ ಆದರೂ ಸಾಲೆ ಬಿಡಿಸುವ ವಿಚಾರವನ್ನು ಅಪ್ಪ ಬಿಟ್ಟಿರಲಿಲ್ಲ. ಸಂಸ್ಕೃತ ಹಂತಿಗೆ ಬಂತು, ಸರಿ. ಹಂತಿ ಮುಗಿದ ಮೇಲೆ? ಇಂಡಿಯಿಂದ ಗುರುಪಾದಪ್ಪ ಎಂಬ ನಿಂಬೆ ತೋಟದವರು ತಮ್ಮ ಮಗನಿಗೆ ನನ್ನನ್ನು ನೋಡಲು ಬಂದರು. ವರ ಬಂದಿರಲಿಲ್ಲ. ಅವನ ಪರವಾಗಿ ಒಂದು ಚೀಲ ನಿಂಬೆಹಣ್ಣು ಬಂದಿತ್ತು. ಅಪ್ಪ ಕಣ ಬಿಟ್ಟು ಬರುವಂತಿರಲಿಲ್ಲ, ನಾನೂ ಗಿಡ ಬಿಟ್ಟು ಏಳುವಂತಿರಲಿಲ್ಲ. ಹೀಗಾಗಿ ಹೆಣ್ಣು ನೋಡುವ ಶಾಸ್ತ್ರ ಕಣದ ಅಂಚಿನಲ್ಲೇ ನಡೆಯಿತು. ಅವ್ವ ಓಡಿ ಬಂದು ನನ್ನ ತಲೆಗೆ ಒಂದು ದಂಡೆ ಮಲ್ಲಿಗೆ ಸಿಕ್ಕಿಸಿ ಹೋದಳು. ಹೂ ಮುಡಿದು, ಗಂಟಲ ನರ ಉಬ್ಬಿಸಿಕೊಂಡು, ವಾರಿಣೀ ವಾರೀಣಿ ಎಂದು ಅರಚುತ್ತಿರುವ ಕನ್ಯೆಯನ್ನು ಗುರುಪಾದಪ್ಪನವರು ಒಂದು ಗಳಿಗೆ ನೋಡಿದರು. ಆಮೇಲೆ ಬೆಳ್ಯಾನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಹತ್ತಿರ ಹೋಗಿ ಹಲ್ಲು ನೋಡಿದರು, ಬೆನ್ನು ತಟ್ಟಿದರು, ಬಾಲ ಎತ್ತಿದರು.

“ಹುಡುಗಿ ವಿಚಾರ ಮುಂದ ನೋಡೂಣ್ರಿ. ಈ ಎತ್ತು ಕೊಡ್ತೀರೇನು? ನಮ್ಮ ಒಂದು ಎತ್ತಿನ ಜೋಡಿ ತೀರಿಕೊಂಡೈತಿ” ಎಂದರು.

ಮದುವೆ ಬೇಡವೆಂದು ದಿನಾ ಅತ್ತವಳು ನಾನೇ. ಆದರೆ ನನ್ನನ್ನು ಬಿಟ್ಟು ಎತ್ತನ್ನು ಒಪ್ಪಿದರಲ್ಲ ಎಂದು ಆ ದಿನ ಅತ್ತದ್ದು ಬೇರೆಯೇ ಅಳು. ಹೂ ಕಿತ್ತು ಎಸೆದೆ. ಗೋದಿಯದೂ ಸೇರಿ ನಮ್ಮ ರಾಶಿ ಮರುದಿನ ಮುಗಿಯಿತು, ಅಪ್ಪ ಬೆಳ್ಯಾನನ್ನು ಕೊಟ್ಟ. ಕೊರಳ ಗಂಟೆ ಅಲ್ಲಾಡಿಸುತ್ತಾ ಬೆಳ್ಯಾ ಇಂಡಿಯ ದಾರಿ ಹಿಡಿದ. ಗಂಡನ ಮನೆಗೆ ಹೋಗುವ ಪಾಳಿ ನನಗೆ ತಪ್ಪಿ ಅವನಿಗೆ ಬಂತು ಎಂದು ಅಜ್ಜಿ ನಕ್ಕಳು. ನನಗೆ ನಗು ಬರಲಿಲ್ಲ.

ವಾರ ಕಳೆದಿರಲಿಲ್ಲ, ಗುರುಪಾದಪ್ಪನವರು ತಿರುಗಿ ಬಂದರು. ಬಂಡಿಯ ಹಿಂದೆ ಬೆಳ್ಯಾ. ಅವರ ಮುಖ ನಿಂಬೆಯಷ್ಟೇ ಹುಳಿಯಾಗಿತ್ತು.

“ಏನ್ರಿ ಇದು? ಹಂತ್ಯಾಗ ಕಟ್ಟಿದ್ರ ಗೂಟ ಜಡದಂಗ ನಿಂತು ಬಿಡ್ತೈತಿ! ಹಾಡಿದಿವಿ, ಬೈದಿವಿ, ರೇಡಿಯೋ ತಂದು ಮುಂದ ಇಟ್ಟಿವಿ. ಕಡೀಕೆ ನಮ್ಮ ಅಯ್ಯನವರನ್ನ ಕರಸಿ ಮಂತ್ರ ಹೇಳಿಸಿದಿವಿ. ಎರಡು ಹೆಜ್ಜಿ ಇಟ್ಟು, ಇದು ಆ ಮಂತ್ರ ಅಲ್ಲ ಅಂತ ತಿಳದು ನಿಂತ ಬಿಡ್ತು.”

ಅಪ್ಪ ನನ್ನನ್ನು ನೋಡಿದ. ನಾನು ಒಂದು ಸಲ ಅಂದೆ. ಬಂಡಿಗೆ ಕಟ್ಟಿದ್ದ ಬೆಳ್ಯಾ ಬಂಡಿಯನ್ನು ಜಗ್ಗಿಕೊಂಡು ಅಂಗಳದಲ್ಲಿ ಸುತ್ತು ಹಾಕಲು ಹೊರಟ.

“ನೋಡ್ರಿ!” ಎಂದರು ಗುರುಪಾದಪ್ಪನವರು. “ಅದಕ್ಕ ನಾ ವಿಚಾರ ಮಾಡಿ ಬಂದೇನಿ. ಹುಡುಗೀನೂ ಕೊಟ್ಟ ಬಿಡ್ರಿ. ಯುಗಾದಿ ಒಳಗ ಅಕ್ಕಿಕಾಳು ಹಾಕಿ ಲಗ್ನ ಮಾಡೂಣು. ನಮ್ಮ ರಾಶಿ ಅರ್ಧಕ್ಕ ನಿಂತೈತಿ.”

ಅವ್ವನಿಗೆ ಖುಷಿಯೋ ಖುಷಿ. ಹೋದ ಸಂಬಂಧ ತಾನಾಗಿ ತಿರುಗಿ ಬಂದಿದೆ! ಚಹಕ್ಕೆ ಇಡಲು ಓಡಿದಳು. ನನ್ನ ಪರೀಕ್ಷೆ ಇದ್ದದ್ದು ಯುಗಾದಿ ಆದ ಮೇಲೆ. ಒಂದು ಎತ್ತಿನ ಜೊತೆ ಜೋಡಿಯಾಗಿ ಹೋಗುವುದು, ಅದೂ ಎತ್ತಿನ ಕಾರಣಕ್ಕೆ. ಅಲ್ಲಿ ಅವರ ಕಣದ ಹೊರಗೆ ಯಾವುದೋ ಗಿಡದ ಕೆಳಗೆ ಕೂತು, ಮುಂದಿನ ಪಾಠ ಎಂದೂ ಕಲಿಯದೆ, ಸಾಯುವ ತನಕ ಇದೊಂದನ್ನೇ ಅನ್ನುವುದು. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಅಪ್ಪ ಒಂದು ಕೊನೆಯ ಪ್ರಯತ್ನ ಮಾಡಿದ. “ಹುಡುಗಿ ಯಾಕ್ರಿ, ಆಕಿ ಅನ್ನೂದನ್ನ ನೀವೇ ಕಲ್ತು ಬಿಡ್ರಿ.” ಗುರುಪಾದಪ್ಪನವರು ಕಲಿಯಲು ಕೂತರು. ಬಾಯಲ್ಲಿ ಎಲೆಯಡಿಕೆ, ಮುಂದಿನ ಹಲ್ಲು ಇಲ್ಲ. ಅವರ ವಾರೀಣಿಗೆ ಅಂಗಳದ ಕೋಳಿಗಳು ಓಡಿದವು, ಬೆಳ್ಯಾ ಕದಲಲಿಲ್ಲ. ಬೆವರೊರೆಸಿಕೊಂಡು ಅವರು ಕೇಳಿದರು: “ಅಲ್ರಿ, ಇದರ ಅರ್ಥರೆ ಏನು? ಅರ್ಥ ಗೊತ್ತಾದ್ರ ಬಾಯಿ ತಿರಗಬಹುದು.”

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಗೊತ್ತಿರಲಿಲ್ಲ. ಸರ್ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ, ಪರೀಕ್ಷೆಯಲ್ಲಿ ಬರುತ್ತಿರಲಿಲ್ಲ. ಅಪ್ಪನ ಮುಖ ಗಂಭೀರವಾಯಿತು. ಏನೆಂದು ತಿಳಿಯದ್ದನ್ನು ಒಂದು ಇಡೀ ಸುಗ್ಗಿ ತನ್ನ ಕಣದಲ್ಲಿ ಅನ್ನಿಸಿದ್ದು ಅವನಿಗೆ ಆಗ ಹೊಳೆದಂತಿತ್ತು. “ನಾಳಿ ಸಾಲಿಗೆ ಹೋಗಿ ಕೇಳಿ ಬಾ” ಎಂದ. ಗುರುಪಾದಪ್ಪನವರು ಅದನ್ನು ಕೇಳಿಯೇ ಹೋಗುವುದೆಂದು ನಮ್ಮಲ್ಲೇ ಉಳಿದರು.

ಮರುದಿನ ಸಂಸ್ಕೃತದ ತಾಸಿನ ನಡುವೆ ಎದ್ದು ನಿಂತು ಕೇಳಿದೆ. ಸರ್‌ಗೆ ಪ್ರಶ್ನೆ ಮೊದಲು ತಿಳಿಯಲಿಲ್ಲ. “ಅರ್ಥವೇ?” ಎಂದರು. ಕನ್ನಡಕ ತೆಗೆದು ಒರೆಸಿದರು. ಕಲಿಸುತ್ತಾ ಬಂದ ಇಷ್ಟು ವರ್ಷಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲವಂತೆ. ಅವರ ಕಣ್ಣು ಒದ್ದೆಯಾದದ್ದನ್ನು ಮುಂದಿನ ಬೆಂಚಿನ ನಾನು ಕಂಡೆ. ಆಮೇಲೆ ಅರ್ಥ ಹೇಳಿದರು, ಬಹಳ ಮೆತ್ತಗೆ, ಕೂಗದೆ. ಬಾಯಿಪಾಠ ಮಾಡಿದ ಬೇರೆ ಶಬ್ದಗಳಿಗೂ ಅರ್ಥ ಇದೆಯೇ ಎಂದು ಹಿಂದಿನ ಬೆಂಚಿನಿಂದ ಯಾರೋ ಗಾಬರಿಯಾಗಿ ಕೇಳಿದರು.

ಸಂಜೆ ಮನೆಗೆ ಬಂದಾಗ ಅಪ್ಪ, ಗುರುಪಾದಪ್ಪನವರು, ಕಾಕಾ ಕಟ್ಟೆಯ ಮೇಲೆ ಕಾಯುತ್ತಿದ್ದರು. ಅಂಗಳದಲ್ಲಿ ಬೆಳ್ಯಾ.

“ನೀರಂತಪ್ಪಾ” ಎಂದೆ. “ನೀರು, ನೀರಿನಿಂದ, ನೀರಿಗಾಗಿ, ನೀರಿನೊಳಗ. ಬರೇ ನೀರಂತ.”

ಕಾಕಾ ಮುಖ ಕೆಳಗೆ ಹಾಕಿದ. ಅಪ್ಪ ಎದ್ದು ಬೆಳ್ಯಾನ ಹತ್ತಿರ ಹೋಗಿ ಅವನ ಕೊರಳ ಮೇಲೆ ಕೈಯಿಟ್ಟು ನಿಂತ.

“ಸುಡು ಬಿಸಿಲಾಗ ಬಾಯಿಗೆ ಬಲಿ ಕಟ್ಟಿ, ನೀರು ನೀರು ಅಂತ ಹೇಳಕೋತ ತಿರಗಿಸಿದಿವಲ್ಲೋ ನಿನ್ನ. ಮುಂದ ಐತಿ ಅಂತ ನಡದಿಯಲ್ಲೋ” ಎಂದ. ಎತ್ತಿಗೆ ಸಂಸ್ಕೃತ ಬರುವುದಿಲ್ಲ ಎಂದು ಹೇಳುವ ಧೈರ್ಯ ನನಗೂ ಬರಲಿಲ್ಲ, ಗುರುಪಾದಪ್ಪನವರಿಗೂ ಬರಲಿಲ್ಲ. ಅಪ್ಪ ಬಾವಿಯಿಂದ ತಾನೇ ಸೇದಿ, ಬಕೆಟ್ಟು ತುಂಬಿ ತಂದು ಇಟ್ಟ. ಬೆಳ್ಯಾ ತಳ ಕಾಣುವ ತನಕ ಕುಡಿದ.

“ಗುರುಪಾದಪ್ಪನವರ, ಎತ್ತು ಇಲ್ಲೇ ಬಿಡ್ರಿ. ನಮ್ಮ ಕರೇ ಎತ್ತು ಬದಲಿ ಒಯ್ರಿ, ಅದು ಬೈದ್ರ ನಡೀತದ” ಎಂದ ಅಪ್ಪ. “ಹುಡುಗೀನ್ನ ಕೊಡಂಗಿಲ್ಲ.”

“ಯಾಕ್ರಿ? ನಾವೂ ನೀರ ಕುಡಸೇ ಇಟ್ಟಿದ್ವಿ!”

“ಅದಲ್ರಿ. ಈಕಿ ಬಾಯಾಗ ಇನ್ನ ಏನೇನ ತುಂಬ್ಯಾರೋ ಯಾರಿಗೂ ಗೊತ್ತಿಲ್ಲ. ಎಲ್ಲಾದರದೂ ಅರ್ಥ ತಿಳಕೊಂಡು ಬರಲಿ. ಅರ್ಥ ಗೊತ್ತಿಲ್ಲದ ಯಾರ ಮನೀಗೂ ಕಳಸೂದು ಬ್ಯಾಡ.” ಆಮೇಲೆ ನನ್ನ ಕಡೆ ತಿರುಗಿದ. “ಎಲ್ಲಾ ತಿಳಿಯಾಕ ಎಷ್ಟು ವರ್ಷ ಹಿಡೀತದವಾ?”

ನಾನು ಹೆಗಲ ಚೀಲ ಇನ್ನೂ ಇಳಿಸಿರಲಿಲ್ಲ.

“ಭಾಳ ಹಿಡೀತದಪ್ಪಾ.”

“ಹಿಡೀಲಿ” ಎಂದು ಅಪ್ಪ ಖಾಲಿ ಬಕೆಟ್ಟು ಹಿಡಿದು ಮತ್ತೆ ಬಾವಿಯ ಕಡೆ ನಡೆದ.